ಅಕ್ಕ ನೋಡದ ಕೊನೆಯ ಒಂದು ಗಂಟೆ

ಅಕ್ಕನ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಓಲೆಯ ತೂತು ಇರಬೇಕಾದ ಜಾಗದಿಂದ ಕೆಳತುದಿಯವರೆಗೆ ಹರಿದು, ಎರಡು ತುಣುಕುಗಳೂ ಬೇರೆ ಬೇರೆಯಾಗಿಯೇ ಒಣಗಿ ಗಟ್ಟಿಯಾಗಿದ್ದವು. ಬಲಗಿವಿಯಲ್ಲಿ ಕೆಂಪು ಹರಳಿನ ಓಲೆ, ಎಡಗಿವಿ ಬೋಳು. ಮಾತಿನ ಭರದಲ್ಲಿ ತಲೆ ಆಡಿಸಿದಾಗ ಆ ತುಣುಕುಗಳು ತಮ್ಮಷ್ಟಕ್ಕೆ ತಾವು ಅಲುಗುತ್ತಿದ್ದವು. ಮದುವೆಯಾಗಿ ಧಾರವಾಡದಿಂದ ಬೈಕುಲ್ಲಾದ ಚಾಳಿಗೆ, ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರವಿರುವ ಬಾಡಿಗೆ ಕಟ್ಟಡಕ್ಕೆ, ಬಂದ ದಿನ ನಾನು ಮೊದಲು ನೋಡಿದ್ದು ಅದನ್ನೇ. ನೋಡಿದ ಕೂಡಲೇ ಕಣ್ಣು ತಿರುಗಿಸಿಕೊಂಡೆ. ಅಕ್ಕನಿಗೆ ಅದು ತಿಳಿಯಿತು.

"ನೋಡು ಮಾರಾಯ್ತಿ, ನೋಡಿದರೆ ಅದೇನು ಉದುರಿ ಬೀಳುವುದಿಲ್ಲ," ಎಂದು ನಕ್ಕರು.

ಆ ಕಿವಿಯ ಬಗ್ಗೆ ಚಾಳಿನಲ್ಲಿ ಬೇಕಾದಷ್ಟು ಕಥೆಗಳಿದ್ದವು. ರೈಲಿನಲ್ಲಿ ಕಳ್ಳ ಓಲೆ ಎಳೆದನೆಂದು ಒಬ್ಬರು, ಊರಲ್ಲಿ ಅತ್ತೆ ಕಿತ್ತಳೆಂದು ಇನ್ನೊಬ್ಬರು. ಹಳೆಯ ಬಾಡಿಗೆದಾರರು ಮಾತ್ರ ಈ ಮಾತು ಬಂದಾಗ ಎದ್ದು ಹೋಗಿಬಿಡುತ್ತಿದ್ದರು. ನಾನಾಗ ಹತ್ತೊಂಬತ್ತರ ಹುಡುಗಿ. ಎದ್ದು ಹೋಗುವವರಿಗೇ ನಿಜ ಗೊತ್ತಿರುತ್ತದೆ ಎಂಬ ಬುದ್ಧಿ ಆಗ ಇರಲಿಲ್ಲ.

ಅಕ್ಕನದು ಉಡುಪಿಯ ಕಡೆ. ಗಂಡ ಒಂದು ಹೋಟೆಲಿನಲ್ಲಿ ಅಡುಗೆಯವರು. ಬೆಳಗಿನ ಇಡ್ಲಿಗೆ ಹೋದವರು ಹಾಸಿಗೆ ಹಾಸುವ ಹೊತ್ತಿಗೇ ಮನೆಗೆ ಬರುತ್ತಿದ್ದದ್ದು. ಮಕ್ಕಳಿರಲಿಲ್ಲ. ಮೂರನೆಯ ಮಾಳಿಗೆಯಲ್ಲಿ ಎಲ್ಲ ಖೋಲಿಗಳ ಮುಂದೆ ಹಾಯುವ ಗ್ಯಾಲರಿಯ ಒಂದು ತುದಿಗೆ ಮೆಟ್ಟಿಲು, ಇನ್ನೊಂದು ತುದಿಗೆ ಅಕ್ಕನ ಖೋಲಿ. ಅದಕ್ಕಿಂತ ಎರಡು ಬಾಗಿಲು ಈಚೆಗೆ ನಮ್ಮದು. ಮರಾಠಿ ಹೆಂಗಸರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅದು ಅವರ ಹೆಸರೆಂದೇ ಕೆಲವರು ತಿಳಿದಿದ್ದರು.

ಅಕ್ಕನಿಗೆ ಪಿಚ್ಚರಿನ ಹುಚ್ಚು ಎಂದು ಚಾಳು ತೀರ್ಮಾನಿಸಿ ಎಷ್ಟೋ ವರ್ಷವಾಗಿತ್ತು. ಪ್ರತಿ ಶನಿವಾರ ಮೂರು ಗಂಟೆಯ ಆಟಕ್ಕೆ ಒಬ್ಬರೇ ಹೋಗುತ್ತಿದ್ದರು. ಸಂಸಾರಸ್ಥ ಹೆಂಗಸು ಒಬ್ಬಳೇ ಸಿನಿಮಾಕ್ಕೆ ಹೋಗುವುದು ಆಗ ಸಣ್ಣ ಮಾತಲ್ಲ. ಆಡುವವರು ಆಡಿದರು, ಅಕ್ಕ ಹೋಗುತ್ತಲೇ ಇದ್ದರು. ಅವರಿಗೆ ಬರುತ್ತಿದ್ದ ಹಿಂದಿಯಾದರೂ ತರಕಾರಿ ಕೊಳ್ಳುವಷ್ಟು. ಅಷ್ಟರಲ್ಲೇ ಇಡೀ ಸಿನಿಮಾ ಅರ್ಥ ಮಾಡಿಕೊಂಡು ಬಂದು, ವಾರಪೂರ್ತಿ ಚಾಳಿನ ಮಕ್ಕಳಿಗೆ ಅದರ ಕಥೆ ಹೇಳುತ್ತಿದ್ದರು. ಹಿಂದಿ ಬಲ್ಲ ನನ್ನ ಗಂಡ, ಅಕ್ಕನ ಕಥೆ ಮೂಲಕ್ಕಿಂತ ಚೆನ್ನಾಗಿರುತ್ತದೆ ಎನ್ನುತ್ತಿದ್ದರು.

ಸಂಜೆ ಐದೂವರೆಗೆ ಎಲ್ಲರ ಮನೆಯಲ್ಲೂ ಒಲೆ ಹೊತ್ತುತ್ತಿತ್ತು. ಹತ್ತಡಿಯ ಖೋಲಿಯಲ್ಲಿ ಹೊಗೆ ತುಂಬಿದರೆ ಮಕ್ಕಳನ್ನು ಗ್ಯಾಲರಿಗೆ ಅಟ್ಟುವುದೇ ಪದ್ಧತಿ. ಆ ಹೊತ್ತಿಗೆ ಸರಿಯಾಗಿ ಅಕ್ಕ ತಮ್ಮ ಬಾಗಿಲ ಎದುರಿಗೆ, ಗ್ಯಾಲರಿಯ ಕಟಕಟೆಗೆ ಬೆನ್ನು ಕೊಟ್ಟು, ಒಂದು ಮಣೆ ಹಾಕಿ ಕೂರುತ್ತಿದ್ದರು. ಅಂಗೈಯಿಂದ ನೆಲಕ್ಕೆ ಎರಡು ಸಲ ತಟ್ಟಿ, "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ, ಹೇಳಿ ನೋಡುವ?" ಎನ್ನುತ್ತಿದ್ದರು. ಮಕ್ಕಳು ಎಲ್ಲಿದ್ದರೂ ಓಡಿ ಬಂದು ಅವರ ಮುಂದೆ ಕೂರುತ್ತಿದ್ದವು. ಊಟಕ್ಕೆ ಕರೆಯುವವರೆಗೆ ಒಂದೂ ಮಿಸುಕುತ್ತಿರಲಿಲ್ಲ. ನನ್ನ ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ, ಕಥೆ ಏನೂ ತಿಳಿಯದು. ಆದರೆ ನೆಲಕ್ಕೆ ಎರಡು ಸಲ ತಟ್ಟಿದ ಸದ್ದಾದರೆ ಸಾಕು, ಬಾಯಲ್ಲಿದ್ದ ತುತ್ತು ಬಿಟ್ಟು ಹೊರಗೆ ನಡೆಯುತ್ತಿದ್ದಳು.

ಅಕ್ಕನ ಎಲ್ಲ ಕಥೆಗಳೂ ಒಂದೇ ರೀತಿ ಮುಗಿಯುತ್ತಿದ್ದವು. ಜಗಳವಾಡಿದವರು ರಾಜಿಯಾಗಿ, ಕಳೆದುಹೋದವರು ಸಿಕ್ಕಿ, ಕೊನೆಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಎಲೆಗೆ ಏನೇನು ಬಡಿಸಿದರು ಎನ್ನುವುದು ಒಂದು ಸಂಜೆಗಾಗುವಷ್ಟು. ಅಡುಗೆಯವರ ಹೆಂಡತಿ ಇನ್ನೇನು ಹೇಳಿಯಾಳು ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅಪರೂಪಕ್ಕೆ ಆ ಸಿನಿಮಾವನ್ನೇ ನೋಡಿಬಂದ ಯಾರಾದರೂ, ಅಕ್ಕಾ, ಕೊನೆ ನೀವು ಹೇಳಿದ ಹಾಗಿಲ್ಲವಲ್ಲ ಎಂದರೆ, ಆ ಥೇಟರಿನವರು ರೀಲು ಕತ್ತರಿಸಿದ್ದಾರೆ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮಕ್ಕಳಿಗೆ ಕಥೆಯಾದರೆ ತಾಯಂದಿರಿಗೆ ಬೇರೆಯೇ ಉಪಕಾರ. ಮಕ್ಕಳನ್ನು ಕಟ್ಟಿಕೊಂಡು ಯಾವ ಸಿನಿಮಾಕ್ಕೆ ಹೋಗಬಹುದು, ಯಾವುದಕ್ಕೆ ಬೇಡ ಎಂದು ಅಕ್ಕ ಹೇಳಬೇಕು. ಹೋಗಬಹುದು ಎಂದ ಸಿನಿಮಾಕ್ಕೂ ಗುರುತುಗಳನ್ನು ಕೊಡುತ್ತಿದ್ದರು. ಹಳದಿ ಸೀರೆಯ ಹಾಡು ಮುಗಿದ ಮೇಲೆ ಗಡಿಯಾರ ತೋರಿಸುತ್ತಾರೆ, ಆಗ ಮಕ್ಕಳ ತಲೆ ಬಗ್ಗಿಸಿ ಹತ್ತು ಎಣಿಸಿ, ಹೀಗೆ. ಥೇಟರಿನಲ್ಲಿ ಆ ಗುರುತು ಬಂದ ಕೂಡಲೇ ನಮ್ಮ ಚಾಳಿನವರ ಸಾಲು ಪೂರ್ತಿ ಸೆರಗಿನಲ್ಲಿ ಮಕ್ಕಳ ಮುಖ ಮುಚ್ಚಿ ಎಣಿಸಲು ತೊಡಗುತ್ತಿತ್ತು. ಹಿಂದೆ ಕೂತ ಗಂಡಸರು, ಇವರೇನು ದೇವರ ಪ್ರಾರ್ಥನೆ ಮಾಡುತ್ತಿದ್ದಾರೆಯೇ ಎಂದು ನಗುತ್ತಿದ್ದರು. ಎಣಿಸಿ ಮುಗಿಸುವುದರೊಳಗೆ ಅವರ ನಗು ನಿಂತಿರುತ್ತಿತ್ತು.

ಒಮ್ಮೆ ನಾನು ಅಕ್ಕನನ್ನು ಕೇಳಿದೆ. ಇವೆಲ್ಲ ನಗಿಸುವ ಸಿನಿಮಾ, ಇವಕ್ಕೆ ಗುರುತು ಯಾಕೆ, ದೆವ್ವದ ಸಿನಿಮಾಕ್ಕೆ ಕೊಡಿ ಎಂದೆ. ಅಕ್ಕ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಭೂತದ ಪಿಚ್ಚರಿಗೆ ಹೆದರುವುದು ಎಂಥಕ್ಕೆ? ಅದು ಮೊದಲೇ ಹೇಳಿ ಬರ್ತದೆ, ನಾವು ಕೈಕಾಲು ಗಟ್ಟಿ ಮಾಡಿಕೊಂಡು ಕೂರ್ತೇವೆ. ನಗಿಸುವ ಪಿಚ್ಚರಿನ ಮೇಲೆ ಒಂದು ಕಣ್ಣು ಇಡಬೇಕು. ನಗುವಾಗ ಮನುಷ್ಯ ಪೂರ್ತಿ ಸಡಿಲ ಇರ್ತಾನೆ. ಕೈ ಕೂಡ ಸಡಿಲ."

ಆ ಕೊನೆಯ ಮಾತು ನನಗೆ ಆಗ ಅರ್ಥವಾಗಲಿಲ್ಲ. ಕೇಳಿದ್ದೂ ಇಲ್ಲ.

ನಾನು ಬಂದ ಮೂರನೆಯ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಿನಿಮಾ ಬಂತು. ಒಂದೇ ಖೋಲಿಯಲ್ಲಿ ಸಂಸಾರ ಹೂಡಿದ ಇಬ್ಬರು ಷಡ್ಡಕರ ಕಥೆ. ನೆಲದ ನಡುವೆ ಸುಣ್ಣದ ಗೆರೆ ಎಳೆದು, ಇದು ನಿನ್ನದು ಇದು ನನ್ನದು ಎಂದು ದಿನವೂ ಬಡಿದಾಡುತ್ತಾರೆ. ಒಬ್ಬನ ಮಗು ಮಾತ್ರ ಗೆರೆಯನ್ನು ಲೆಕ್ಕಿಸದೆ ಅತ್ತಿಂದಿತ್ತ ಓಡಾಡುತ್ತದೆ. ಅಕ್ಕ ಶನಿವಾರ ನೋಡಿಬಂದು, ಬಹಳ ದಿನಕ್ಕೆ ಇಂಥದ್ದು ಬಂದಿದೆ, ಎಲ್ಲರೂ ಹೋಗಿ ಎಂದರು. ಒಂದೇ ಗುರುತು ಕೊಟ್ಟರು. ನಾಯಿ ಬೊಗಳಿದಾಗ ಇಪ್ಪತ್ತು ಎಣಿಸಬೇಕು. ಎರಡು ವರ್ಷದೊಳಗಿನವು ಬೇಡ, ಆ ನಾಯಿಯ ಸದ್ದಿಗೇ ಅಳುತ್ತವೆ ಎಂದು ನನ್ನ ಕಡೆ ನೋಡಿ ಸೇರಿಸಿದರು. ಕೊನೆಗೆ ಷಡ್ಡಕರು ಗೆರೆ ಅಳಿಸಿ, ಅದೇ ಜಾಗದಲ್ಲಿ ಎಲೆ ಹಾಕಿ ಊಟಕ್ಕೆ ಕೂರುತ್ತಾರೆ ಎಂದೂ ಹೇಳಿದರು.

ಆ ಸಂಜೆ ನಳದ ಸಾಲಿನಲ್ಲಿ ಅಕ್ಕನ ಹಿಂದೆ ನಿಂತಿದ್ದಾಗ ನನಗೊಂದು ವಿಷಯ ಹೊಳೆಯಿತು. ಮೂರು ಗಂಟೆಯ ಆಟ ಬಿಡುವುದು ಆರಕ್ಕೆ. ಅಂಗಳದ ನಳ ಬರುವುದು ಐದಕ್ಕೆ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಕಾಲಬುಡದಲ್ಲಿ ಎರಡು ಕೊಡ ಇಟ್ಟುಕೊಂಡು ಅಕ್ಕ. ಇಷ್ಟು ವರ್ಷ ಯಾರೂ ಇದನ್ನು ಕೂಡಿಸಿ ನೋಡಿರಲಿಲ್ಲ.

"ಅಕ್ಕಾರ, ನೀವು ಯಾವ ಪಿಚ್ಚರಿಂದೂ ಕಡೀ ನೋಡಿಲ್ಲ, ಹೌದಲ್ರಿ?" ಎಂದೆ.

ಅಕ್ಕ ತಿರುಗಿ, ಬಾಯಿಗೆ ಬೆರಳಿಟ್ಟು, ಕಳ್ಳತನ ಸಿಕ್ಕಿಬಿದ್ದ ಹುಡುಗಿಯಂತೆ ನಕ್ಕರು. ನಳ ತಪ್ಪಿದರೆ ನೀರು ಯಾರಪ್ಪ ಕೊಡುತ್ತಾನೆ ಎಂದರು. ನನಗೆ ಪಾಪವೆನಿಸಿತು. ಎಷ್ಟು ನೂರು ಸಿನಿಮಾ ನೋಡಿದ್ದಾರೋ, ಒಂದರ ಕೊನೆಯೂ ಕಂಡಿಲ್ಲ. ಎರಡು ಕೊಡ ನೀರಿಗಾಗಿ ಪ್ರತಿ ಶನಿವಾರ ಕತ್ತಲಿನಲ್ಲಿ ಎಲ್ಲರ ಮೊಣಕಾಲು ದಾಟಿಕೊಂಡು ಎದ್ದು ಬರುತ್ತಾರೆ. ಇವರಿಗೆ ಒಂದು ಸಿನಿಮಾದ ಕೊನೆ ತೋರಿಸಿಯೇ ಸೈ ಎಂದು ಹಟ ತೊಟ್ಟೆ. ನನ್ನ ಜೀವನದಲ್ಲಿ ಇಷ್ಟು ಒಳ್ಳೆಯ ಮನಸ್ಸಿನಿಂದ ಇಷ್ಟು ದೊಡ್ಡ ತಪ್ಪನ್ನು ನಾನು ಇನ್ನೊಮ್ಮೆ ಮಾಡಿಲ್ಲ.

ಮರುದಿನ ಭಾನುವಾರ. ನಮ್ಮ ಮಾಳಿಗೆಯ ಹೆಂಗಸರೆಲ್ಲ ಮಕ್ಕಳನ್ನು ಕರೆದುಕೊಂಡು ಹೊರಡುವುದೆಂದಾಯಿತು. ಅಕ್ಕನೂ ಬರಬೇಕು ಎಂದೆ. ಮೂರು ಸಲ ಬೇಡವೆಂದರು. ಕೆಳಗಿನ ಮಾಳಿಗೆಯ ಹುಡುಗಿಯೊಬ್ಬಳನ್ನು ನಮ್ಮೆಲ್ಲರ ಕೊಡ ತುಂಬಿಸಲು ಒಪ್ಪಿಸಿ ಬಂದೆ. ಅಕ್ಕನ ಮುಖದಲ್ಲಿ ಅದರಿಂದೇನೂ ಹಗುರಾದಂತೆ ಕಾಣಲಿಲ್ಲ. ಹಾಗಾದರೆ ಮಕ್ಕಳು ಎಂದು ಕೇಳಿದರು. ಎಲ್ಲ ನಮ್ಮ ಜೊತೆಗೇ ಇರುತ್ತವಲ್ಲ ಎಂದೆ.

"ನಿನ್ನ ಸಣ್ಣದು?"

"ಅವರಪ್ಪ ಮನ್ಯಾಗ ಇರ್ತಾರಲ್ರಿ, ನೋಡ್ಕೋತಾರ."

"ಗಂಡಸರು ಮಲಗ್ತಾರೆ," ಎಂದರು ಅಕ್ಕ.

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಕೊನೆಗೆ, ನನ್ನ ಕಾಟಕ್ಕೋ ಏನೋ, ಸೀರೆ ಬದಲಿಸಿ ಬಂದರು. ಮೆಟ್ಟಿಲಿಳಿಯುವ ಮೊದಲು ಗ್ಯಾಲರಿಯ ತುದಿಯತ್ತ ಒಮ್ಮೆ ತಿರುಗಿ ನೋಡಿದರು. ಅವರ ಮಣೆ ಗೋಡೆಗೆ ಒರಗಿಕೊಂಡಿತ್ತು. ಕಟಕಟೆಗೆ ಅವರು ಎಂದೂ ಬಿಚ್ಚದಿದ್ದ ನಾರಿನ ಹಗ್ಗ ಸುತ್ತು ಸುತ್ತಾಗಿ ಕಟ್ಟಿತ್ತು. ಬಟ್ಟೆ ಒಣಗಿಸಲಿಕ್ಕೆ ಇರಬೇಕೆಂದು ನಾವು ಹೊಸಬರೆಲ್ಲ ತಿಳಿದಿದ್ದೆವು. ಆ ಹಗ್ಗದ ಮೇಲೆ ಒಂದು ದಿನವೂ ಯಾರೂ ಬಟ್ಟೆ ಕಂಡಿರಲಿಲ್ಲ ಎನ್ನುವುದು ಆಮೇಲೆ ನೆನಪಾದದ್ದು.

ಸಿನಿಮಾ ಅಕ್ಕ ಹೇಳಿದಂತೆಯೇ ಇತ್ತು. ನಾಯಿ ಬೊಗಳಿತು, ನಮ್ಮ ಸಾಲು ಮಕ್ಕಳ ತಲೆ ಬಗ್ಗಿಸಿತು. ಎಣಿಸುತ್ತಲೇ ನಾನು ಕಳ್ಳಗಣ್ಣಿನಿಂದ ನೋಡಿದೆ. ಲಾಡು ತಿನ್ನುತ್ತ ನಗುತ್ತಿದ್ದ ಮನೆ ಮಾಲಿಕನಿಗೆ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟುತ್ತದೆ. ಅವನು ತಮಾಷೆ ಮಾಡುತ್ತಿದ್ದಾನೆಂದು ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ತಲೆ ಎತ್ತಿದಾಗ ಅವನು ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದ. ಮಧ್ಯಂತರವಾಯಿತು. ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕ ಅಭ್ಯಾಸಬಲದಿಂದ ಸೆರಗು ಸರಿಪಡಿಸಿಕೊಂಡು ಏಳಲು ಹೋದರು. ನಾನು ಕೈ ಹಿಡಿದು ಕೂರಿಸಿದೆ.

ಅಲ್ಲಿಂದ ಮುಂದಕ್ಕೆ ನಮ್ಮ ಬಳಿ ಯಾವ ಗುರುತೂ ಇರಲಿಲ್ಲ. ಉಳಿದ ಹೆಂಗಸರಿಗೆ ಅದು ಗೊತ್ತಿರಲಿಲ್ಲ. ಅಕ್ಕ ಹೇಳಿದ್ದು ಒಂದೇ ಗುರುತು, ಅದು ದಾಟಿತು ಎಂದು ಮಕ್ಕಳನ್ನು ತೊಡೆಯ ಮೇಲೆ ಸಡಿಲ ಬಿಟ್ಟು ನಗುತ್ತಿದ್ದರು. ಗೊತ್ತಿದ್ದದ್ದು ನಮ್ಮಿಬ್ಬರಿಗೆ. ನಾನು ಹಿಡಿದಿದ್ದ ಅಕ್ಕನ ಕೈ ಈಗ ನನ್ನ ಮಣಿಕಟ್ಟನ್ನು ಹಿಡಿದಿತ್ತು.

ತೆರೆಯ ಮೇಲೆ ಮಗುವಿನ ಹುಟ್ಟುಹಬ್ಬ. ನಮ್ಮ ಚಾಳಿನಂಥದ್ದೇ ಗ್ಯಾಲರಿ, ಕಾಗದದ ತೋರಣ, ಹಾಡು. ಷಡ್ಡಕರಿಬ್ಬರೂ ಹೆಂಡಿರ ಸೀರೆ ಉಟ್ಟು ಕುಣಿಯುತ್ತಿದ್ದರು. ಥೇಟರಿಗೆ ಥೇಟರೇ ನಗುತ್ತಿತ್ತು. ಮಗುವಿನ ಕೈಯಲ್ಲಿ ಒಂದು ಫುಗ್ಗ, ಗಾಳಿ ತುಂಬಿದ ಬಲೂನು. ಅದು ಕೈತಪ್ಪಿ, ಕುಣಿಯುವವರ ಕಾಲಿನ ಸಂದಿಯಲ್ಲಿ ಉರುಳುತ್ತ ಕಟಕಟೆಯ ಕಡೆ ಹೋಯಿತು. ಮಗು ಅದರ ಹಿಂದೆ ಹೋಯಿತು. ಆಮೇಲೆ ಮಗುವನ್ನು ತೋರಿಸಲಿಲ್ಲ.

ಬೀಳುವುದನ್ನು ತೋರಿಸಲಿಲ್ಲ, ಕೂಗು ಕೇಳಿಸಲಿಲ್ಲ. ಹಾಡುತ್ತಿದ್ದವರ ಮುಖಗಳನ್ನು ಮಾತ್ರ ತೋರಿಸಿದರು. ಅಂಚಿನಲ್ಲಿದ್ದ ಒಬ್ಬ ಮುದುಕಿಯ ನಗು ನಿಂತಿತು. ಅವಳ ಪಕ್ಕದವಳದು ನಿಂತಿತು. ಹಾಗೇ ಒಬ್ಬೊಬ್ಬರ ಮುಖದಿಂದ ನಗು ಇಳಿಯುತ್ತ ಬಂತು, ಡೋಲಕ್ ನಿಂತಿತು, ಹಾಡು ನಿಂತಿತು. ಮಗುವಿನ ಅಪ್ಪನೊಬ್ಬನೇ, ಕಟಕಟೆಗೆ ಬೆನ್ನು ಮಾಡಿ, ಸೀರೆ ಉಟ್ಟುಕೊಂಡು, ಏನೂ ತಿಳಿಯದೆ, ಇನ್ನೂ ನಗುತ್ತಲೇ ಇದ್ದ. ಅಷ್ಟು ದೊಡ್ಡ ಥೇಟರಿನಲ್ಲಿ ಅವನೊಬ್ಬನ ನಗು. ಇಂದಿಗೂ ಯಾರಾದರೂ ಒಬ್ಬರೇ ನಗುವುದು ಕೇಳಿದರೆ, ಸುತ್ತಲಿನ ಮಕ್ಕಳು ಎಲ್ಲಿದ್ದಾರೆಂದು ತಿರುಗಿ ನೋಡುತ್ತೇನೆ.

"ಏಳು," ಎಂದರು ಅಕ್ಕ.

ಮಣಿಕಟ್ಟು ಅವರ ಕೈಯಲ್ಲಿತ್ತು, ಎದ್ದೆ. ಯಾಕೆಂದು ಕೇಳಲಿಲ್ಲ. ಹೊರಗೆ ಬಿಸಿಲು ಇನ್ನೂ ಇತ್ತು. ಅಕ್ಕ ಓಡಲಿಲ್ಲ, ಆದರೆ ನನಗೆ ಅವರ ಜೊತೆ ಇರಲು ಓಡಬೇಕಾಯಿತು. ಟ್ರಾಮಿಗೆ ಅಡ್ಡ ದಾಟಿದರು, ಯಾರೋ ಬೈದರು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಆಡಿದರು: ಐದೂವರೆ ಆಯ್ತು, ಐದೂವರೆ ಆಯ್ತು.

ಚಾಳಿನ ಅಂಗಳಕ್ಕೆ ಕಾಲಿಟ್ಟಾಗ ನಳ ಸುರಿಯುತ್ತಿತ್ತು. ನಮ್ಮ ಕೊಡಗಳು ತುಂಬಿ ಸಾಲಾಗಿ ನಿಂತಿದ್ದವು, ಹತ್ತಿರ ಯಾರೂ ಇರಲಿಲ್ಲ. ಅವುಗಳ ಪಕ್ಕದಲ್ಲಿ, ಕಲ್ಲಿನ ಮೇಲೆ, ನನ್ನ ಮಗಳ ಚನ್ನಪಟ್ಟಣದ ಮರದ ಗೊಂಬೆ ಬಿದ್ದಿತ್ತು. ತಲೆ ಒಂದು ಕಡೆ, ಮೈ ಒಂದು ಕಡೆ.

ನಾನು ಮೇಲೆ ನೋಡಿದೆ. ಅಕ್ಕನ ಬಾಗಿಲ ಎದುರಿಗೆ ಕಟಕಟೆಯ ಎರಡು ಕಂಬಿಗಳು ಹೊರಕ್ಕೆ ವಾಲಿದ್ದವು. ಹಗ್ಗ ಇರಲಿಲ್ಲ. ಆ ಸಂದಿಯಿಂದ ಎರಡು ಪುಟ್ಟ ಕಾಲುಗಳು ಹೊರಗೆ ಇಳಿಬಿದ್ದಿದ್ದವು. ಮಗಳು ಬಗ್ಗಿ ಕೆಳಗಿನ ಗೊಂಬೆಯನ್ನು ನೋಡುತ್ತಿದ್ದಳು.

ನಾನು ಬಾಯಿ ತೆರೆದೆ. ಅಕ್ಕನ ಅಂಗೈ ನನ್ನ ಬಾಯನ್ನು ಎಷ್ಟು ಬಿಗಿಯಾಗಿ ಮುಚ್ಚಿತೆಂದರೆ ಹಲ್ಲು ತುಟಿಗೆ ನಾಟಿ ರಕ್ತ ಬಂತು.

"ಕೂಗಬೇಡ. ಕೂಗಿದರೆ ತಿರುಗಿ ನೋಡ್ತದೆ," ಎಂದರು ಕಿವಿಯಲ್ಲಿ.

ಚಪ್ಪಲಿ ಅಂಗಳದಲ್ಲೇ ಬಿಟ್ಟು ಮೂರು ಮಾಳಿಗೆ ಹತ್ತಿದೆವು. ಮರದ ಮೆಟ್ಟಿಲು, ಯಾವುದು ಕಿರುಗುಟ್ಟುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು, ಅವನ್ನು ದಾಟಿ ಕಾಲಿಡುತ್ತಿದ್ದರು. ಮೊದಲ ಖೋಲಿಯಲ್ಲಿ ಗಂಡಸರು ಇಸ್ಪೀಟು ಆಡುತ್ತಿದ್ದರು. ನಮ್ಮ ಬಾಗಿಲು ತೆರೆದಿತ್ತು. ಒಳಗೆ ನನ್ನ ಗಂಡ ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಅಕ್ಕ ನನ್ನನ್ನು ಮೆಟ್ಟಿಲ ಬಳಿಯೇ ನಿಲ್ಲಿಸಿ, ಗ್ಯಾಲರಿಯ ನಡುವಿನವರೆಗೆ ಮಾತ್ರ ಹೋದರು. ಅಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಅಂಗೈಯಿಂದ ನೆಲಕ್ಕೆ ಎರಡು ಸಲ ತಟ್ಟಿದರು.

"ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ, ಹೇಳಿ ನೋಡುವ?"

ದಿನದ ದನಿ. ಒಂದು ಎಳೆಯೂ ಏರಿರಲಿಲ್ಲ, ನಡುಗಿರಲಿಲ್ಲ. ಮಗಳು ತಲೆ ಎತ್ತಲಿಲ್ಲ. ಅಕ್ಕ ಕಥೆ ಶುರು ಮಾಡಿದರು. ಇಬ್ಬರು ಷಡ್ಡಕರಿದ್ದರು, ಅವರಿಗೆ ಒಂದು ಮಗು ಇತ್ತು, ಅದಕ್ಕೆ ಹಸಿವಾಯಿತು, ಅದು ಎದ್ದು ಅಡುಗೆಮನೆಗೆ ಬಂತು ಎಂದು ಹೇಳುತ್ತ ಹೋದರು. ಇಲ್ಲದ ಇಪ್ಪತ್ತು ಮಕ್ಕಳು ಎದುರಿಗೆ ಕೂತಿದ್ದಾರೆ ಎನ್ನುವಂತೆ ಆ ಕಡೆ ಈ ಕಡೆ ನೋಡಿ ಹೇಳುತ್ತಿದ್ದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮಗಳು ಒಂದು ಕಾಲು ಒಳಗೆ ತೆಗೆದುಕೊಂಡಳು. ಆಮೇಲೆ ಇನ್ನೊಂದು. ಕೈಯೂರಿ ಎದ್ದು, ವಾಲಿದ ಕಂಬಿಯನ್ನೇ ಹಿಡಿದು ಒಂದು ಕ್ಷಣ ನಿಂತಳು. ಅಕ್ಕ ಕಥೆ ನಿಲ್ಲಿಸಲಿಲ್ಲ. ಮಗಳು ನಡೆದು ಬಂದು, ದಿನದ ಹಾಗೆ, ಅವರ ಮುಂದೆ ಕುಕ್ಕರಿಸಿದಳು.

ಅಕ್ಕ ಅವಳನ್ನು ಎತ್ತಿಕೊಳ್ಳಲಿಲ್ಲ. ಮುಟ್ಟಲೂ ಇಲ್ಲ. ಕಥೆಯನ್ನು ಊಟದವರೆಗೆ ತಂದು, ಎಲ್ಲರಿಗೂ ಬಡಿಸಿ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಈಗ ತೆಗೆದುಕೊ ಎಂದರು.

ಹಗ್ಗ ನಮ್ಮ ಮನೆಯಲ್ಲೇ ಇತ್ತು. ಮಧ್ಯಾಹ್ನ ತಿಗಣೆಗೆಂದು ಗಾದಿಯನ್ನು ಬಿಸಿಲಿಗೆ ಹಾಕಿದ್ದ ನನ್ನ ಗಂಡ, ಅದನ್ನು ಸುತ್ತಿ ಕಟ್ಟಲಿಕ್ಕೆ ಬಿಚ್ಚಿಕೊಂಡಿದ್ದರು. ಅದು ಸುಮ್ಮನ ಕಟ್ಟಿದ್ದ ಹಗ್ಗ ಅಂತ ತಿಳಕೊಂಡೆ ಎಂದು ಒಂದೇ ಸಮನೆ ಹೇಳಿದರು. ನಾನು ಅವರನ್ನು ಬಯ್ಯಲಿಲ್ಲ. ನಾವೆಲ್ಲ ಹಾಗೇ ತಿಳಿದಿದ್ದೆವು.

ಉಳಿದವರು ಬರುವ ಮೊದಲು ಅಕ್ಕ ಗ್ಯಾಲರಿಯ ತುದಿಗೆ ಮಣೆ ಹಾಕಿಕೊಂಡು ಕೂತಿದ್ದರು. ನಾನು ಮಗಳನ್ನು ಸೊಂಟಕ್ಕೆ ಬಿಗಿದುಕೊಂಡು ಅವರ ಹತ್ತಿರ ಕೂತೆ. ಆಗ ಹೇಳಿದರು. ಅವರಿಗೊಬ್ಬಳು ಮೂರು ವರ್ಷದ ಮಗಳಿದ್ದಳು. ಇದೇ ಹೊತ್ತು, ಇದೇ ಜಾಗ. ಗ್ಯಾಲರಿಯಲ್ಲಿ ಯಾರದೋ ಸೀಮಂತದ ಸಂಭ್ರಮ, ಹೆಂಗಸರೆಲ್ಲ ಏನೋ ತಮಾಷೆಗೆ ಬಿದ್ದು ಬಿದ್ದು ನಗುತ್ತಿದ್ದರು, ಅಕ್ಕನೂ ನಗುತ್ತಿದ್ದರು. ತಿರುಗಿ ನೋಡುವಷ್ಟರಲ್ಲಿ ಮಗು ಸಡಿಲಾಗಿದ್ದ ಕಂಬಿಯ ಆಚೆ ನಿಂತಿತ್ತು.

"ಕೂಗಿದ್ದು ನಾನು. ಕೂಗದಿದ್ದರೆ ಅದು ಹಾಗೇ ಒಳಗೆ ಬರ್ತಿತ್ತೋ ಏನೋ. ಬೆಚ್ಚಿ ತಿರುಗಿತು. ನಾನು ಹಿಡಿಯಲಿಕ್ಕೆ ಬಗ್ಗಿದೆ, ಅದರ ಕೈಗೆ ಸಿಕ್ಕಿದ್ದು ನನ್ನ ಓಲೆ."

ಅಷ್ಟು ಹೇಳಿ ಎಡಗಿವಿಯನ್ನು ಸೆರಗಿನಿಂದ ಮುಚ್ಚಿಕೊಂಡರು. ಚಾಳಿನ ಮಾಲಿಕ ಆ ಕಂಬಿಗಳಿಗೆ ಎರಡು ಮೊಳೆ ಹೊಡೆಸಿ ಕೈತೊಳೆದುಕೊಂಡನಂತೆ. ಅವು ಒಂದು ಮಳೆಗಾಲವೂ ನಿಲ್ಲಲಿಲ್ಲವಂತೆ. ಹೊಸ ಬಾಡಿಗೆದಾರರು ಬಂದರು, ಅವರ ಮಕ್ಕಳು ಬಂದವು. ಎಲ್ಲರಿಗೂ ಹೇಳಿಕೊಂಡು ತಿರುಗುವ ಶಕ್ತಿ ಅಕ್ಕನಿಗಿರಲಿಲ್ಲ. ಆ ಜಾಗಕ್ಕೆ ಹಗ್ಗ ಸುತ್ತಿದರು. ಹಗ್ಗದ ಮೇಲೆ ನಂಬಿಕೆ ಸಾಲದೆ ತಮ್ಮ ಬೆನ್ನು ಕೊಟ್ಟು ಕೂತರು. ಮಕ್ಕಳು ಎದುರಿಗೆ ಕೂರಬೇಕಾದರೆ ಕಥೆ ಬೇಕು. ಗೊತ್ತಿದ್ದ ಕಥೆಗಳು ಮುಗಿದ ಮೇಲೆ ಥೇಟರಿಗೆ ಹೋಗತೊಡಗಿದರು.

ಅಕ್ಕನಿಗೆ ಪಿಚ್ಚರಿನ ಹುಚ್ಚಿರಲಿಲ್ಲ. ಐದೂವರೆಗೆ ಅಲ್ಲಿರಬೇಕಾಗಿತ್ತು, ಅಷ್ಟೇ. ಅದಕ್ಕಾಗಿ ಯಾವ ಕೊನೆಯನ್ನೂ ಅವರು ನೋಡಲಿಲ್ಲ. ಆ ಒಂದು ದಿನ ಅವರನ್ನು ಅಲ್ಲಿಂದ ಎಬ್ಬಿಸಿ ಕರೆದುಕೊಂಡು ಹೋದವಳು ನಾನು.

ಮರುದಿನವೇ ನನ್ನ ಗಂಡ ಮತ್ತು ಮಾಳಿಗೆಯ ಗಂಡಸರು ಸೇರಿ ಕಬ್ಬಿಣದ ಪಟ್ಟಿ ತಂದು ಕಟಕಟೆಗೆ ಬಿಗಿದರು. ಅಕ್ಕ ಅದನ್ನು ಎರಡೂ ಕೈಯಿಂದ ಅಲುಗಿಸಿ ನೋಡಿ, ಗಟ್ಟಿ ಉಂಟು ಎಂದರು. ಆ ಸಂಜೆ ಮತ್ತೆ ಅಲ್ಲೇ, ಅದಕ್ಕೇ ಬೆನ್ನು ಕೊಟ್ಟು ಕೂತರು.

ಸಿನಿಮಾದಿಂದ ಮರಳಿದ ಹೆಂಗಸರು ಕೊನೆ ಏನಾಯಿತೆಂದು ಅಕ್ಕನೆದುರು ಬಾಯಿ ಬಿಡಲಿಲ್ಲ. ಅವರಲ್ಲಿ ಹಳಬರು ಇದ್ದರು. ನನಗೆ ತಡೆಯಲಾಗಲಿಲ್ಲ, ಮುಂದಿನ ವಾರ ಮಗಳನ್ನು ಅಕ್ಕನ ಹತ್ತಿರ ಬಿಟ್ಟು ಒಬ್ಬಳೇ ಹೋಗಿ ನೋಡಿಬಂದೆ. ಆ ನಗುವ ಅಪ್ಪನ ಮುಖವಾದ ಮೇಲೆ ಸ್ವಲ್ಪ ಹೊತ್ತು ಕತ್ತಲು. ಆಮೇಲೆ ನೇರವಾಗಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಯಾರದೋ ಮದುವೆ, ಮತ್ತೆ ಹಾಡು, ಷಡ್ಡಕರ ಮತ್ತೆ ಅದೇ ಚೇಷ್ಟೆ. ಹಿಂದಿನ ಗೋಡೆಯ ಮೇಲೆ ಮಗುವಿನ ಫೋಟೋ, ಅದಕ್ಕೊಂದು ಮಾಲೆ. ತೆರೆಯ ಮೇಲಿನ ಯಾರೂ ಅದರ ಕಡೆ ತಿರುಗುವುದಿಲ್ಲ. ಥೇಟರಿನಲ್ಲಿ ಜನ ಮತ್ತೆ ನಗತೊಡಗಿದ್ದರು. ನಾನು ಆ ಫೋಟೋ ಒಂದನ್ನೇ ನೋಡುತ್ತ ಕೂತೆ.

ಕೆಲವು ವರ್ಷದ ನಂತರ ನಾವು ಕಾಂದಿವಲಿಗೆ ಮನೆ ಬದಲಿಸಿದೆವು. ದೀಪಾವಳಿಗೆ, ಯುಗಾದಿಗೆ ಅಕ್ಕನಲ್ಲಿಗೆ ಹೋಗಿಬರುವುದು ತಪ್ಪಲಿಲ್ಲ. ಅಕ್ಕ ಮಲಗಿಬಿಟ್ಟಿದ್ದಾರೆಂದು ಸುದ್ದಿ ಬಂದಾಗ ಮಗಳನ್ನು ಕರೆದುಕೊಂಡು ಲೋಕಲ್ ಹಿಡಿದು ಹೋದೆ. ಅದೇ ಕೊನೆಯ ಭೇಟಿಯಾಯಿತು. ನಾಲ್ಕು ದಿನದ ಮೇಲೆ ತೀರಿಕೊಂಡರು.

ಚಾಪೆಯ ಮೇಲೆ ಮಲಗಿದ್ದರು. ಮೈ ಕರಗಿ ಹೋಗಿತ್ತು. ಬಲಗಿವಿಯ ಓಲೆಯನ್ನೂ ತೆಗೆದಿಟ್ಟಿದ್ದರು. ಸೀಳಿದ ಹಾಲೆ ಮಾತ್ರ ಹಾಗೇ ಇತ್ತು. ಈ ಸಲ ನಾನು ಕಣ್ಣು ತಿರುಗಿಸಲಿಲ್ಲ. ಮಗಳ ಕೆನ್ನೆ ಸವರಿ ಹೊರಗೆ ಆಡಲು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಷಡ್ಡಕರ ಪಿಚ್ಚರು. ನಾವು ಎಲ್ಲಿಗೆ ನಿಲ್ಲಿಸಿದ್ದು, ಹೇಳು ನೋಡುವ?"

ಅಷ್ಟು ವರ್ಷದಲ್ಲಿ ಒಮ್ಮೆಯೂ ಅವರು ಕೇಳಿರಲಿಲ್ಲ. ನಾನು ಒಬ್ಬಳೇ ಹೋಗಿ ನೋಡಿಬಂದದ್ದು ಅವರಿಗೆ ಗೊತ್ತಿತ್ತು. ಅವರ ಹತ್ತಿರ ಸರಿದು ಕೂತೆ. ಹೇಳಿದೆ. ಆ ಮಗು ಎಲ್ಲೂ ಬಿದ್ದಿರಲಿಲ್ಲ, ಫುಗ್ಗ ಮಾತ್ರ ಕೆಳಗೆ ಹೋಗಿತ್ತು. ಮಗು ಮಂಚದ ಕೆಳಗೆ ಸೇರಿ ನಿದ್ದೆ ಹೋಗಿತ್ತು. ಎಲ್ಲರೂ ಹುಡುಕಿ ಹುಡುಕಿ ಕೊನೆಗೆ ಅದರ ಗೊರಕೆ ಕೇಳಿ ಎಳೆದು ತೆಗೆದರು. ಷಡ್ಡಕರು ಗೆರೆ ಅಳಿಸಿದರು. ಸಾವಿರ ಸಲ ಹೀಗೆ ಕೊನೆ ಕಟ್ಟಿ ಹೇಳಿದವರ ಮುಂದೆ ನನ್ನ ಮೊದಲ ಸುಳ್ಳು. ಅದು ಅವರಿಗೆ ತಿಳಿಯದೆ ಇದ್ದೀತೇ? ಆದರೆ ಅಕ್ಕ ಮಕ್ಕಳು ಕೇಳುವಂತೆ ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

"ಊಟಕ್ಕೆ ಕೂತರಾ?"

"ಕೂತರ್ರಿ ಅಕ್ಕಾರ. ಎಲ್ಲಾರೂ ಕೂತ್ರು."

"ಮಗು ಯಾರ ಹತ್ತಿರ ಕೂತಿತು?"

"ಅವರವ್ವನ ಮಗ್ಗಲದಾಗ," ಎಂದೆ.

ಅಕ್ಕ ಕಣ್ಣು ಮುಚ್ಚಿಕೊಂಡರು. ಹಾಗಾದರೆ ಸರಿ ಎಂದರು. ಕೆಳಗೆ ಐದು ಗಂಟೆಯ ನಳ ಬಂದ ಸದ್ದು ಕೇಳಿಸಿತು. ನಾನು ಮೂಲೆಯಲ್ಲಿದ್ದ ಅವರ ಎರಡೂ ಕೊಡಗಳನ್ನು ಎತ್ತಿಕೊಂಡು ಕೆಳಗೆ ಹೋದೆ.